ಮಗು ಯಾರ ಮನೆಯದು?

ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಹೊಳೆ ದಾಟದೆ ಈಚೆ ದಡದಲ್ಲೇ ಉತ್ತರಕ್ಕೆ ಹೊರಟರೆ ಹರಪನಹಳ್ಳಿ. ಸಂತೆಗೋ ಬೀಗರ ಮನೆಗೋ ಬೆಳಿಗ್ಗೆ ಹೋದವರು ಸಂಜೆ ವಾಪಸ್ಸು ಬರುವಷ್ಟು ಹತ್ತಿರ. ಸ್ವಾತಂತ್ರ್ಯಕ್ಕೆ ಮುಂಚೆ ಮಾತ್ರ ಈ ಮೂರೂ ಊರು ಮೂರು ಸರ್ಕಾರಗಳ ಕೆಳಗಿದ್ದವು. ದಾವಣಗೆರೆ, ಹರಿಹರ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ರಾಣೆಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ. ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ.

ದೇವರಿಗೆ ಬಿಟ್ಟ ಹೆಂಗಸೊಬ್ಬಳು ಒಂದು ಹೆಣ್ಣುಮಗುವನ್ನು ದತ್ತು ತಗೊಂಡಳು ಅನ್ನಿ. ಆ ಹುಡುಗಿ ಕಾನೂನಿನ ಕಣ್ಣಲ್ಲಿ ಅವಳ ಮಗಳೋ ಅಲ್ಲವೋ? ಮುಂಬಯಿ ಹೈಕೋರ್ಟು 1880ರಲ್ಲಿ, ಮಥುರಾ ನಾಯಕಿನ್ ಮತ್ತು ಏಸು ನಾಯಕಿನ್ ನಡುವಿನ ಮೊಕದ್ದಮೆಯಲ್ಲಿ, ಅನೀತಿಯ ಕಸುಬನ್ನು ಮುಂದುವರಿಸುವ ಇಂಥ ದತ್ತನ್ನು ಒಪ್ಪಲಾಗದು ಎಂದಿತು. ಎಂಟು ವರ್ಷ ಕಳೆದು ಮದ್ರಾಸ್ ಹೈಕೋರ್ಟು ವೆಂಕು–ಮಹಾಲಿಂಗ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತು. ಹೊಳೆಯ ಆಚೆ ದಡದಲ್ಲಿ ಮಗಳಲ್ಲದವಳು ಹರಪನಹಳ್ಳಿಯಲ್ಲಿ ಮಗಳು!

ಗುಲಾಮಗಿರಿ, ಜೀತ, ದೇವದಾಸಿ ಪದ್ಧತಿ ಇವುಗಳ ರದ್ದತಿಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರಹ ಬಂದಿದೆ. ರದ್ದಾದ ಮಾರನೆಯ ದಿನದ ಬಗ್ಗೆ ಕಡಿಮೆ. ಬಿಡುಗಡೆಯಾದವರ ಮಕ್ಕಳು ಯಾರ ಹತ್ತಿರ ಇರಬೇಕು, ಯಾರ ಹೆಸರು ಹೇಳಬೇಕು, ಯಾರ ಹೊಲಕ್ಕೆ ಹಕ್ಕುದಾರರು ಎಂಬ ಜಗಳ ಆ ಮಾರನೆಯ ದಿನ ಶುರುವಾಗುತ್ತದೆ. ದಾವಣಗೆರೆ ಸೀಮೆಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ.

ಬೇರೆ ದೇಶಗಳ ಮಾರನೆಯ ದಿನ

ಮೊದಲು ದೂರದ ನಾಡುಗಳನ್ನು ನೋಡಿ ಬರೋಣ. ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ 1834ರ ಆಗಸ್ಟ್ 1ರಂದು ಗುಲಾಮಗಿರಿ ಹೋಯಿತು. ಆದರೆ ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ದೊಡ್ಡವರು 1838ರವರೆಗೆ ಅದೇ ಧಣಿಗಳ ತೋಟದಲ್ಲೇ ದುಡಿಯಬೇಕಾಯಿತು. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅಂದೇ ಪೂರ್ತಿ ಬಿಡುಗಡೆ. ಹೊಟ್ಟೆಗಿಲ್ಲದಿದ್ದರೆ ತಾಯಿ ಮಗುವನ್ನು ಧಣಿಗೆ ಬರೆದುಕೊಡಬಹುದು ಎಂದು ಕಾನೂನಿನಲ್ಲಿ ಒಂದು ಸಂದು ಇತ್ತು. ತಾಯಂದಿರು ಹೆಚ್ಚುಕಡಿಮೆ ಒಟ್ಟಾಗಿ ಅದಕ್ಕೆ ಒಲ್ಲೆ ಅಂದರು. ಬಿಡುಗಡೆ ಎಂದರೆ ಏನು ಎಂಬುದಕ್ಕೆ ಆ ಹೆಂಗಸರು ಕೊಟ್ಟ ಅರ್ಥ ಅದು.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1864ರ ನವೆಂಬರ್ 1ರಂದು ಗುಲಾಮಗಿರಿ ರದ್ದಾಯಿತು. ಎರಡೇ ದಿನದಲ್ಲಿ ಎಲಿಜಬೆತ್ ಟರ್ನರ್ ಎಂಬ ಹುಡುಗಿಯನ್ನು ಅವಳ ಹಳೆಯ ಧಣಿಗೇ ‘ಕೆಲಸ ಕಲಿಯಲು’ ಬರೆಸಿಕೊಡಲಾಯಿತು. ಅಲ್ಲಿ ಸಾವಿರಾರು ಮಕ್ಕಳಿಗೆ ಆದದ್ದೇ ಇವಳಿಗೂ ಆಯಿತು. 1867ರಲ್ಲಿ ಮುಖ್ಯ ನ್ಯಾಯಾಧೀಶ ಚೇಸ್, ಇದೂ ಬಲವಂತದ ದುಡಿಮೆಯೇ ಎಂದು ಹೇಳಿ ಅವಳನ್ನು ಬಿಡಿಸಿದರು. ಮಾರಾಟವಾಗಿ ಚದುರಿಹೋದ ಮಕ್ಕಳನ್ನೂ ಅಕ್ಕತಂಗಿಯರನ್ನೂ ಹುಡುಕಿ ಬಿಡುಗಡೆಯಾದವರು ಪತ್ರಿಕೆಗಳಿಗೆ ಜಾಹೀರಾತು ಕೊಡುವುದು ಮುಂದೆ ಎಷ್ಟೋ ದಶಕ ನಡೆಯಿತು.

ಒಂದು ವ್ಯತ್ಯಾಸ ನೆನಪಿರಲಿ. ಮಗು ತಾಯಿಯನ್ನು ಹಿಂಬಾಲಿಸುತ್ತದೆ ಎಂದು ವರ್ಜೀನಿಯಾ 1662ರಲ್ಲೇ ಶಾಸನ ಮಾಡಿತ್ತು. ಕೇಳಲು ತಾಯಿಯ ಪರವಾದ ಮಾತಿನಂತಿದೆ. ಲಾಭ ಧಣಿಗೆ: ಕರು ಹಸುವಿನ ಒಡೆಯನಿಗೆ ಸೇರುವ ಹಾಗೆ. ನಮ್ಮ ಸೀಮೆಯಲ್ಲಿ ದೇವರಿಗೆ ಬಿಟ್ಟ ಹೆಣ್ಣು, ಅಂದರೆ ಬಸವಿಯ ಮಗುವೂ ತಾಯಿಯನ್ನೇ ಹಿಂಬಾಲಿಸಿತು, ಆದರೆ ಹೋಗಿ ಸೇರಿದ್ದು ಬೇರೆಯೇ ಬಾಗಿಲಿಗೆ. ಅದು ಮುಂದೆ.

ಜೀತದ ಹುಡುಗ

ಇಲ್ಲಿನ ಹಳ್ಳಿಗಳಲ್ಲಿ ‘ಸಂಬಳಕ್ಕೆ ಇಡೋದು’ ಎಂದರೆ ಯುಗಾದಿಯಿಂದ ಯುಗಾದಿಗೆ ಒಬ್ಬ ಆಳನ್ನು ಗೌಡರ ಮನೆಯಲ್ಲಿ ಬಿಡುವುದು. ಸಾಲ ಅಪ್ಪನದು, ದನ ಕಾಯುವವನು ಮಗ. ಎರಡು ಹೊತ್ತು ಊಟ, ಒಂದು ಕಂಬಳಿ, ಕೊಟ್ಟಿಗೆಯ ಪಕ್ಕದಲ್ಲಿ ಮಲಗುವ ಜಾಗ. ಮುಂದಿನ ಯುಗಾದಿಗೆ ಲೆಕ್ಕ ಮಾಡಿದರೆ ಸಾಲ ಅಷ್ಟಕ್ಕಷ್ಟೇ ಇರುತ್ತಿತ್ತು, ಒಮ್ಮೊಮ್ಮೆ ಬೆಳೆದಿರುತ್ತಿತ್ತು. ಇಲ್ಲಿ ಯಾರೂ ಮಗುವನ್ನು ಮಾರಲಿಲ್ಲ. ಮಗು ಮನೆಯಿಂದ ನಾಲ್ಕು ಹರದಾರಿ ದೂರದಲ್ಲಿ ಬೆಳೆಯಿತು, ಅಷ್ಟೇ. ಹಬ್ಬಕ್ಕೆ ಬಂದ ಹುಡುಗ ನೆಂಟನ ಹಾಗೆ ಹೊಸ್ತಿಲಲ್ಲಿ ಕೂರುವುದನ್ನು ಕಂಡವರಿಗೆ ಅಗಲಿಕೆಗೆ ಸಂತೆಯಲ್ಲಿ ಹರಾಜೇ ಆಗಬೇಕಿಲ್ಲ ಎಂದು ಗೊತ್ತು.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಚೋಮನ ಮಕ್ಕಳು ಒಬ್ಬೊಬ್ಬರಾಗಿ ಕೈ ತಪ್ಪುವ ಕತೆ. ಅದೇ 1933ರಲ್ಲಿ ಬ್ರಿಟಿಷ್ ಇಂಡಿಯಾ ಮಕ್ಕಳ ದುಡಿಮೆಯನ್ನು ಒತ್ತೆ ಇಡುವುದರ ವಿರುದ್ಧ ಒಂದು ಕಾಯಿದೆ ಮಾಡಿತು. ಅದರ ತಕ್ಕಡಿಯನ್ನು ಗಮನಿಸಿ. ಮಗುವನ್ನು ಒತ್ತೆ ಇಟ್ಟ ತಂದೆ ತಾಯಿಗೆ 50 ರೂಪಾಯಿವರೆಗೆ ದಂಡ, ಇಟ್ಟುಕೊಂಡವನಿಗೆ 200. ಧಣಿಯ ಜೊತೆ ಬಡ ತಂದೆಯೂ ಆರೋಪಿ. ಈ ದ್ವಂದ್ವ ಇಂದಿಗೂ ಬಗೆಹರಿದಿಲ್ಲ.

‘ಚೋಮನ ದುಡಿ’ ಸಿನಿಮಾ ಆದದ್ದು 1975ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲೇ ಜೀತ ರದ್ದತಿಯ ಸುಗ್ರೀವಾಜ್ಞೆ ಹೊರಟಿತು, 1976ರಲ್ಲಿ ಕಾಯಿದೆಯಾಯಿತು. ಸಾಲ ಮನ್ನಾ, ಒತ್ತೆ ಇಟ್ಟ ಆಸ್ತಿ ವಾಪಸ್ಸು, ಉಪವಿಭಾಗಾಧಿಕಾರಿಗಳ ಕೈಯಿಂದ ಬಿಡುಗಡೆ ಪತ್ರ. ಗುಡಿಸಲಿನಿಂದ ಒಕ್ಕಲೆಬ್ಬಿಸಬಾರದು ಎಂಬ ಮಾತೂ ಅದರಲ್ಲಿದೆ. ಬೇರೆ ಊರಿನಲ್ಲಿ ಬಿಟ್ಟಿರುವ ಮಗನನ್ನು ಯಾರು ಹೋಗಿ ಕರೆತರಬೇಕು ಎಂಬುದು ಇಲ್ಲ. ಕುಟುಂಬ ಒಂದೇ ಗುಡಿಸಲಿನಲ್ಲಿದೆ ಎಂದು ಕಾನೂನು ನಂಬಿಕೊಂಡಿತ್ತು. ಕಿರಣ್ ಕಮಲ್ ಪ್ರಸಾದ್ ಅವರ ‘ಜೀವಿಕ’ ಸಂಘಟನೆ ಹಳ್ಳಿ ಹಳ್ಳಿ ತಿರುಗಿ ಜೀತದಾಳುಗಳನ್ನು ಪಟ್ಟಿಗೆ ತಂದದ್ದು ಈ ಕಾಯಿದೆ ಬಂದು ಎಷ್ಟೋ ವರ್ಷಗಳ ಮೇಲೆ.

ಪರಿಹಾರದ ಮೊತ್ತ 1978ರಲ್ಲಿ 4,000 ರೂಪಾಯಿ ಇತ್ತು, 2000ದ ಹೊತ್ತಿಗೆ 20,000ಕ್ಕೆ ಏರಿತು. 2016ರ ಯೋಜನೆ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ ಎಂದಿತು. ಮಗುವಿಗೆಂದು ಹಣ ಬಂದ ಕೂಡಲೇ ಹಳೆಯ ಪ್ರಶ್ನೆಯೂ ಹೊಸ ಅಂಗಿ ತೊಟ್ಟು ಬಂತು. ಮುಂಗಡ ಈಸಿಕೊಂಡು ಮಗುವನ್ನು ಬಿಟ್ಟ ತಂದೆ ಅದರ ಪೋಷಕನೇ? ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಬಾಲಮಂದಿರಕ್ಕೆ ಕಳಿಸಬೇಕೇ, ಮನೆಗೇ? ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಮಕ್ಕಳು ದುಡಿದದ್ದನ್ನು ಕಂಡಿರುವ ದಾವಣಗೆರೆಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೇ ದುಡಿಯುವ ಕಡೆ ಬಿಡುಗಡೆಯೇ ಅಗಲಿಕೆಯೂ ಆಗಬಹುದು.

ಬಸವಿಯ ಮಗು

ದಾವಣಗೆರೆಯಿಂದ ಈಶಾನ್ಯಕ್ಕೆ ಉಚ್ಚಂಗಿದುರ್ಗ. ಒಂದು ಕಾಲಕ್ಕೆ ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ, ಈಗ ಉಚ್ಚಂಗೆಮ್ಮನ ಗುಡ್ಡ. ಭರತ ಹುಣ್ಣಿಮೆಗೆ ಜನ ಸಾಗರವಾಗಿ ಹರಿದು ಬರುತ್ತದೆ. ಮುತ್ತು ಕಟ್ಟುವುದು, ಅಂದರೆ ಹೆಣ್ಣನ್ನು ದೇವರಿಗೆ ಬಿಡುವುದು, ಅಪರಾಧ ಎಂಬ ಫಲಕ, ಪೊಲೀಸರ ಕಾವಲು ಈಗ ಜಾತ್ರೆಯ ಭಾಗವೇ ಆಗಿವೆ. ಜಾತ್ರೆಗೇ ಕಾವಲು ಹಾಕಿದ ಮೇಲೆ ಮುತ್ತು ಕಟ್ಟುವುದು ಮನೆಯೊಳಗೆ, ರಾತ್ರಿ ಹೊತ್ತು ಸರಿಯಿತು ಎನ್ನುವವರಿದ್ದಾರೆ.

ಬಸವಿ ಬಿಡುವುದರ ಒಳಗುಟ್ಟನ್ನು ಬರೆದಿಟ್ಟವನು ಮದ್ರಾಸ್ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್. 1890ರ ದಶಕದ ಆರಂಭದಲ್ಲಿ ಬಳ್ಳಾರಿ ಸೀಮೆಯ ಬಸವಿಯರ ಮೇಲೆ ಅವನು ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ವಿಷಯವಿದೆ: ದೇವರಿಗೆ ಬಿಡುವ ಮೂಲಕ ಹೆಣ್ಣಿಗೆ ಗಂಡಿನ ಹಕ್ಕು ಬರುತ್ತದೆ. ಗಂಡುಮಕ್ಕಳಿಲ್ಲದ ಮನೆ ಮಗಳನ್ನು ಬಸವಿ ಬಿಟ್ಟರೆ ಅವಳು ತವರಲ್ಲೇ ಉಳಿಯುತ್ತಾಳೆ, ಅಪ್ಪನ ಆಸ್ತಿ ಪಡೆಯುತ್ತಾಳೆ, ಕರ್ಮವನ್ನೂ ಮಾಡುತ್ತಾಳೆ. ಅವಳಿಗೆ ಹುಟ್ಟಿದ ಮಗು ಅವಳ ಅಪ್ಪನ ಮನೆತನದ್ದು. ಯಾರಿಂದ ಹುಟ್ಟಿತು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಗೊತ್ತಿದ್ದರೂ ಆ ಗಂಡಸಿಗೆ ಮಗುವಿನ ಮೇಲೆ ಹಕ್ಕಿಲ್ಲ, ಮಗುವಿಗೆ ಅವನ ಮೇಲೂ ಇಲ್ಲ.

ಇದನ್ನು ಹೊಗಳಿ ಬರೆಯುವ ಉತ್ಸಾಹ ಕೆಲವರಿಗಿದೆ. ನನಗಿಲ್ಲ. ಆಸ್ತಿಯೇ ಇಲ್ಲದ ಮನೆಯ ಹುಡುಗಿಗೆ ‘ಮಗನ ಹಕ್ಕು’ ಎಂದರೆ ಅಪ್ಪ ಅಮ್ಮನನ್ನು ಸಾಕುವ ಹೊರೆ. ಬಸವಿ ಬಿಟ್ಟವರಲ್ಲಿ ಬಹುಪಾಲು ಮಾದಿಗರು, ಹೊಲೆಯರು, ಬೇಡರು. ಇಟ್ಟುಕೊಂಡವರು ಬಹುಪಾಲು ಹೊಲ ಇದ್ದ ಮೇಲುಜಾತಿಯವರು. ಆದರೂ ಒಂದು ಮಾತು ಒಪ್ಪಬೇಕು: ಆ ವ್ಯವಸ್ಥೆಯಲ್ಲಿ ಮಗು ಯಾರದು ಎಂಬ ಪ್ರಶ್ನೆಗೆ ಉತ್ತರವಿತ್ತು. ಕಾನೂನು ಬಂದು ವ್ಯವಸ್ಥೆ ಹೋಯಿತು, ಉತ್ತರವೂ ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಕಾನೂನುಗಳು ಬಂದದ್ದೂ ಮೂರು ದಾರಿಯಲ್ಲೇ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಆದೇಶ ನಿಲ್ಲಿಸಿದ್ದು ಗುಡಿಯ ಊಳಿಗವನ್ನು, ಊರ ಗುಡ್ಡದ ಬಸವಿಯನ್ನಲ್ಲ. ಮುಂಬಯಿ ಕಾಯಿದೆ 1934ರದು, ಮದ್ರಾಸಿನದು 1947ರದು. ಇಡೀ ಕರ್ನಾಟಕಕ್ಕೆ ಒಂದೇ ಕಾನೂನು ಎಂದು ಆದದ್ದು 1982ರಲ್ಲಿ. ಅದು ಜಾರಿಯಾದದ್ದು 1984ರಲ್ಲಿ. ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ, ಅಪ್ಪ ಅಮ್ಮನೇ ಮಾಡಿದ್ದರೆ ಎರಡರಿಂದ ಐದು ವರ್ಷ ಸೆರೆ. ದೇವದಾಸಿ ಮದುವೆಯಾದರೆ ಅದು ಊರ್ಜಿತ, ಆ ಮದುವೆಯ ಮಕ್ಕಳು ಸಕ್ರಮ ಎಂದೂ ಹೇಳಿತು. ಆಗಲೇ ಹುಟ್ಟಿದ್ದ, ಮದುವೆಯೇ ಇಲ್ಲದೆ ಹುಟ್ಟಿದ್ದ ಮಕ್ಕಳ ಬಗ್ಗೆ ಅದಕ್ಕೆ ಹೇಳುವುದು ಏನೂ ಇರಲಿಲ್ಲ.

ಆ ಮಕ್ಕಳು ಶಾಲೆಗೆ ಹೋದರು. ಮೇಷ್ಟ್ರು ದಾಖಲಾತಿ ಪುಸ್ತಕ ತೆರೆದು ‘ಅಪ್ಪನ ಹೆಸರು?’ ಅಂದರು. ಕೆಲವರು ಸೋದರಮಾವನ ಹೆಸರು ಬರೆಸಿದರು, ಕೆಲವರು ಅಜ್ಜನದು, ಕೆಲವರು ದೇವರದೇ. ಹೀಗೆ ಅಮ್ಮ ಮತ್ತು ಮಗ ಇಬ್ಬರೂ ಒಬ್ಬನೇ ತಂದೆಯ ಮಕ್ಕಳಾಗಿ ದಾಖಲೆಯಲ್ಲಿ ಅಕ್ಕ ತಮ್ಮ ಆದದ್ದುಂಟು. ಮುಂದೆ ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ ಎಂದು ಹೋದಾಗ ಆ ಒಂದು ಗೆರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ವಿವರಿಸುವವರು ಏನೆನ್ನುತ್ತಾರೆ

ಈ ಇಡೀ ವಿಷಯವನ್ನು ಅರ್ಥ ಮಾಡಿಸಲು ಹೊರಟವರಲ್ಲಿ ಹಳೆಯ ಗುಂಪು ಸುಧಾರಕರದು. ಮಗುವನ್ನು ಆ ಮನೆಯಿಂದ ಹೊರತರದೆ ಪದ್ಧತಿ ಸಾಯುವುದಿಲ್ಲ ಎಂಬುದು ಅವರ ತಿಳುವಳಿಕೆ. ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸಿನಲ್ಲಿ ಅವ್ವೈ ಹೋಮ್ ಕಟ್ಟಿದ್ದು ಈ ನಂಬಿಕೆಯ ಮೇಲೆ. 1860ರ ದಂಡಸಂಹಿತೆಯ 372 ಮತ್ತು 373ನೇ ಕಲಮುಗಳ ಹಿಂದೆಯೂ ಇದೇ ಅನುಮಾನವಿತ್ತು: ದೇವದಾಸಿಯ ಕೈಯಲ್ಲಿರುವ ಹೆಣ್ಣುಮಗು ನಾಳೆಯ ದೇವದಾಸಿ. ಇದನ್ನು ಬೇರೆಯಾಗಿ ಓದಿದವರೂ ಇದ್ದಾರೆ. ಇತಿಹಾಸಕಾರ ಕುನಾಲ್ ಪಾರ್ಕರ್ ಮೊದಲಲ್ಲಿ ಕಂಡಂಥ ದತ್ತಿನ ಮೊಕದ್ದಮೆಗಳನ್ನು ಕೂಡಿಸಿ ಓದಿ, ಬ್ರಿಟಿಷ್ ಕೋರ್ಟುಗಳು ಒಂದು ಸಮುದಾಯವನ್ನು ಹಿಂದೂ ಕಾನೂನಿನಿಂದಲೇ ಹೊರಗಿಟ್ಟು ಬರೀ ವೇಶ್ಯೆಯರು ಎಂದು ಮಾಡಿದವು ಎನ್ನುತ್ತಾರೆ. ಜಾನಕಿ ನಾಯರ್ ಮೈಸೂರಿನ ಆದೇಶವನ್ನು ಓದುವುದು ಆಧುನಿಕ ಸರ್ಕಾರವೊಂದು ಧರ್ಮವನ್ನು ತನ್ನ ಅಳತೆಗೆ ಹೊಲಿಸಿಕೊಂಡ ಕತೆಯಾಗಿ. ಸುಧಾರಕರ ವಾದ ಒಂದನ್ನು ಚೆನ್ನಾಗಿ ವಿವರಿಸುತ್ತದೆ: ಅಜ್ಜಿ, ತಾಯಿ, ಮಗಳು ಎಂದು ಮೂರು ತಲೆಮಾರು ಮುತ್ತು ಏಕೆ ಕಟ್ಟಿಸಿಕೊಂಡವು ಎಂಬುದನ್ನು. ಹಾಸ್ಟೆಲ್ ಕಿಟಕಿಯಲ್ಲಿ ನಿಂತು ಅಮ್ಮನ ದಾರಿ ಕಾಯುವ ಮಗುವಿಗೆ ಆಗುವುದನ್ನು ವಿವರಿಸುವುದಿಲ್ಲ. ಸುಪ್ರೀಂ ಕೋರ್ಟಿಗೂ ಇದು ಬಗೆಹರಿಯಲಿಲ್ಲ. ಗೌರವ್ ಜೈನ್ ಪ್ರಕರಣದಲ್ಲಿ 1989ರಲ್ಲಿ, ಲೈಂಗಿಕ ವೃತ್ತಿಯ ತಾಯಂದಿರ ಮಕ್ಕಳಿಗೆಂದೇ ಬೇರೆ ಶಾಲೆ, ಬೇರೆ ಹಾಸ್ಟೆಲ್ ಬೇಡ, ಅದು ಅವರನ್ನು ಇನ್ನಷ್ಟು ಗುರುತು ಮಾಡುತ್ತದೆ ಎಂದ ಅದೇ ಕೋರ್ಟು 1997ರಲ್ಲಿ ಅದೇ ಪ್ರಕರಣದಲ್ಲಿ ಅವರ ಪುನರ್ವಸತಿಗೆ ವಿಶೇಷ ಏರ್ಪಾಡು ಆಗಬೇಕೆಂದು ವಿಸ್ತಾರವಾದ ತೀರ್ಪು ಕೊಟ್ಟಿತು.

ನಂಟಸ್ತಿಕೆಯ ಕಡೆಯಿಂದ ನೋಡುವವರು ಇನ್ನೊಂದು ಗುಂಪು. ಬೆಳಗಾವಿ ಕಡೆಯ ಜೋಗತಿಯರ ನಡುವೆ ಇದ್ದು ಅಧ್ಯಯನ ಮಾಡಿದ ಲುಸಿಂಡಾ ರ‍್ಯಾಂಬರ್ಗ್ 2014ರಲ್ಲಿ ಪುಸ್ತಕ ಬರೆದರು. ದೇವರಿಗೆ ಕೊಡುವುದೂ ಮದುವೆಯ ಹಾಗೆಯೇ ಬಂಧುತ್ವ ಕಟ್ಟುವ ಒಂದು ರೀತಿ, ರದ್ದತಿ ಆ ಬಂಧುತ್ವವನ್ನು ಗುರುತಿಸದೆ ಒಡೆದುಹಾಕಿತು ಎಂಬುದು ಅವರ ವಾದದ ತಿರುಳು. ಫಾಸೆಟ್ ಕಂಡ ಬಸವಿಯ ಲೆಕ್ಕ ಇದಕ್ಕೆ ಹೊಂದುತ್ತದೆ. ಗುಲಾಮಗಿರಿಯ ಬಗ್ಗೆ ಇಂದ್ರಾಣಿ ಚಟರ್ಜಿ 1999ರಲ್ಲಿ ತೋರಿಸಿದ್ದು ಇದರ ಮಗ್ಗುಲಿನ ಸತ್ಯ: ನಮ್ಮ ದೇಶದಲ್ಲಿ ಗುಲಾಮರು ಮನೆಯೊಳಗೇ, ನಂಟಿನ ಹೆಸರಿನಲ್ಲೇ ಇದ್ದರು, ಬ್ರಿಟಿಷ್ ಅಧಿಕಾರಿಗಳು ಅದನ್ನು ಮನೆಯ ವಿಷಯ ಎಂದು ಕರೆದು ಕೈ ತೊಳೆದುಕೊಂಡರು. ಗೌಡರ ಮನೆಯ ಜೀತದ ಹುಡುಗನನ್ನು ‘ನಮ್ಮ ಮನೆ ಹುಡುಗ’ ಎಂದು ಕರೆಯುವುದನ್ನು ಕೇಳಿದ ಯಾರಿಗಾದರೂ ಚಟರ್ಜಿ ಏನು ಹೇಳುತ್ತಿದ್ದಾರೆ ಎಂದು ಕೂಡಲೇ ಹೊಳೆಯುತ್ತದೆ. ಅಮೆರಿಕದಲ್ಲಿ ಈ ಜಗಳ ಬೇರೆ ರೂಪದಲ್ಲಿ ನಡೆದಿದೆ. ಗುಲಾಮಗಿರಿ ಕಪ್ಪುಜನರ ಕುಟುಂಬವನ್ನು ಮುರಿಯಿತು ಎಂದು ಸಮಾಜಶಾಸ್ತ್ರಜ್ಞ ಫ್ರೇಜಿಯರ್ 1939ರಲ್ಲಿ ಬರೆದರೆ, ಮುರಿಯಲಿಲ್ಲ, ಜನ ಅದನ್ನು ಕಾಪಾಡಿಕೊಂಡರು ಎಂದು ಇತಿಹಾಸಕಾರ ಗಟ್‌ಮನ್ 1976ರಲ್ಲಿ ದಾಖಲೆ ತೆರೆದರು.

ದಲಿತ ಸಂಘಟನೆಗಳ ನೋಟದಲ್ಲಿ ಇವೆರಡೂ ಅರ್ಧ ಸತ್ಯ. ಪದ್ಧತಿಯನ್ನು ನಂಬಿಕೆ ಎನ್ನಿ, ನಂಟಸ್ತಿಕೆ ಎನ್ನಿ, ಹೊಲ ಯಾರ ಹೆಸರಲ್ಲಿದೆ ಎಂದು ಮೊದಲು ಕೇಳಿ ಎಂಬುದು ಅವರ ಮಾತು. ತಂದೆಯ ಹೆಸರು ಬಿಟ್ಟುಹೋದದ್ದು ಮರೆವಿನಿಂದಲ್ಲ. ಹೆಸರು ಬರೆದರೆ ಮೇಲುಜಾತಿಯ ಹೊಲದಲ್ಲಿ ಪಾಲು ಬರೆದಂತಾಗುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಕಾನೂನಿನ ಕಲಮುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಗು ತಾಯಿಗೆ ಮಾತ್ರ ಸಂಬಂಧಿ. ಅದೇ ವರ್ಷದ ದತ್ತಕ ಮತ್ತು ಜೀವನಾಂಶ ಕಾಯಿದೆಯಲ್ಲಿ ತಂದೆ ಅಂಥ ಮಗುವಿಗೂ ಅನ್ನ ಹಾಕಬೇಕು. ಅಂದರೆ ಊಟಕ್ಕೆ ಅಪ್ಪ ಇದ್ದಾನೆ, ಹೊಲಕ್ಕೆ ಇಲ್ಲ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ–ಮಲ್ಲಿಕಾರ್ಜುನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್‌ನಲ್ಲಿ, ಅಸಿಂಧು ಮದುವೆಯ ಮಕ್ಕಳಿಗೂ ತಂದೆಯ ಪಾಲಿನಲ್ಲಿ ಪಾಲುಂಟು ಎಂದಿತು. ದೊಡ್ಡ ತೀರ್ಪು. ಬಸವಿಯ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಅವರ ಅಮ್ಮನಿಗೆ ಅಸಿಂಧು ಮದುವೆಯೂ ಆಗಿರಲಿಲ್ಲ.

ಇನ್ನುಳಿದದ್ದು ತಾಯಿಯ ಹಕ್ಕಿನ ವಾದ. ಗೀತಾ ಹರಿಹರನ್ ಪ್ರಕರಣ 1999ರಲ್ಲಿ ತಾಯಿಯನ್ನೂ ಸಹಜ ಪೋಷಕಿ ಎಂದಿತು. 2015ರಲ್ಲಿ ಸುಪ್ರೀಂ ಕೋರ್ಟು, ಮದುವೆಯಾಗದ ತಾಯಿ ತಂದೆಗೆ ನೋಟಿಸು ಕೊಡದೆ, ಅವನ ಹೆಸರು ಹೇಳದೆ ಪೋಷಕತ್ವ ಕೇಳಬಹುದು ಎಂದಿತು. 2016ರ ಕೊನೆಗೆ ಪಾಸ್‌ಪೋರ್ಟಿಗೂ ಒಬ್ಬರ ಹೆಸರು ಸಾಕಾಯಿತು. ನಗರದ ಓದಿದ ತಾಯಿಗೆ ಇದು ಬಿಡುಗಡೆಯೇ. ಹಳ್ಳಿಯ ಕತೆ ಬೇರೆ. ಅಪ್ಪನ ಹೆಸರು ಬೇಡ ಎಂದು ಬಿಡುವುದು ಒಂದು, ಅಪ್ಪನ ಹೆಸರು ಸಿಗದೆ ಬಿಡುವುದು ಇನ್ನೊಂದು.

ಪಟ್ಟಿಯೊಳಗೆ, ಪಟ್ಟಿಯಾಚೆ

ಸರ್ಕಾರ 1993–94ರಲ್ಲಿ ಮಾಜಿ ದೇವದಾಸಿಯರನ್ನು ಎಣಿಸಿದಾಗ 22,873 ಮಂದಿ ಸಿಕ್ಕರು. 2007–08ರಲ್ಲಿ ಮತ್ತೆ 23,787. ಒಟ್ಟು 46,660. ಪಿಂಚಣಿ, ಮನೆ, ಮಕ್ಕಳ ಮದುವೆಗೆ ಪ್ರೋತ್ಸಾಹಧನ (ಮಗನಿಗೆ 3 ಲಕ್ಷ, ಮಗಳಿಗೆ 5 ಲಕ್ಷ) ಎಲ್ಲದಕ್ಕೂ ತಾಯಿ ಆ ಪಟ್ಟಿಯಲ್ಲಿರಬೇಕು. ಗುಳೆ ಹೋದವಳು, ಮುಂಬಯಿ, ಪುಣೆಯಲ್ಲಿದ್ದವಳು, ನಾಚಿಕೆಗೆ ಹೆಸರು ಬರೆಸದವಳು ಪಟ್ಟಿಯಾಚೆ. ಅವಳ ಜೊತೆಗೆ ಅವಳ ಮಕ್ಕಳೂ. ಅಷ್ಟರ ಮೇಲೆ ಹರಪನಹಳ್ಳಿಯ ಫೈಲಿನ ತಿರುಗಾಟ ಬೇರೆ. ಮೊದಲ ಎಣಿಕೆಯ ಹೊತ್ತಿಗೆ ತಾಲ್ಲೂಕು ಬಳ್ಳಾರಿಯದು, 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ವಾಪಸ್ಸು ಬಳ್ಳಾರಿ, 2021ರಿಂದ ವಿಜಯನಗರ. ಆ ಹೆಂಗಸು ಗುಡಿಸಲಿಂದ ಕದಲದಿದ್ದರೂ ಅವಳ ಕಾಗದ ಮೂರು ಜಿಲ್ಲಾ ಕಚೇರಿ ಸುತ್ತಿತು.

ವಿಮುಕ್ತ ದೇವದಾಸಿಯರ ಮಕ್ಕಳು ಬೆಳೆದು ಸಂಘಟಿತರಾದದ್ದು ಈ ಕತೆಯ ಹೊಸ ಅಧ್ಯಾಯ. ರಾಷ್ಟ್ರೀಯ ಕಾನೂನು ಶಾಲೆಯ ಜೊತೆ ಕೂತು ಅವರು ರೂಪಿಸಿದ ಕರಡು ಹಲವು ವರ್ಷ ಕಾದು, 2025ರ ಆಗಸ್ಟ್‌ನಲ್ಲಿ ಮಸೂದೆಯಾಗಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಬೇಕೆನ್ನುವ ಮಗುವಿಗೆ ತಂದೆ ಯಾರೆಂದು ಗುರುತಿಸಿಕೊಡಲು ಕೇಳುವ, ಆಸ್ತಿ ಕೇಳುವ ಹಕ್ಕುಂಟು. 1982ರ ಕಾಯಿದೆ ಅಪರಾಧಿಯನ್ನು ಹುಡುಕಿತ್ತು, ಇದು ಮೊದಲ ಬಾರಿಗೆ ಮಗುವಿನ ಕಡೆ ತಿರುಗಿತು.

ಇನ್ನೂ ಬಗೆಹರಿಯದ್ದು

ಜೀತದಿಂದ ಬಿಡಿಸಿದ ಮಗುವಿನ ತಂದೆ ಆರೋಪಿಯೋ ಬಲಿಪಶುವೋ ಎಂಬುದಕ್ಕೆ 1933ರಿಂದ ಈಚೆಗೆ ಯಾವ ಕಾನೂನೂ ನೇರವಾಗಿ ಉತ್ತರಿಸಿಲ್ಲ. ಪ್ರಕರಣ ಪ್ರಕರಣಕ್ಕೆ ಅಧಿಕಾರಿಯ ಮನಸ್ಸಿನ ಮೇಲೆ ನಿಂತಿದೆ. ಹಾಸ್ಟೆಲು ಓದಿಸಿದ್ದೆಷ್ಟು, ತಾಯಿಯಿಂದ ಬಿಡಿಸಿದ್ದೆಷ್ಟು ಎಂದು ಅಲ್ಲಿ ಬೆಳೆದವರಲ್ಲೇ ಒಮ್ಮತವಿಲ್ಲ. ತಂದೆಯೆಂದು ತೀರ್ಮಾನವಾದವನ ಜಮೀನು ಆಗಲೇ ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗಿ, ಒಂದಷ್ಟು ಸೈಟುಗಳಾಗಿ ಮಾರಿಹೋಗಿದ್ದರೆ ಮಗು ಯಾರ ಬಾಗಿಲಿಗೆ ಹೋಗಬೇಕು? ದಾವಣಗೆರೆಯ ಸುತ್ತ ಹೊಲ ಸೈಟಾಗುವ ವೇಗ ಬಲ್ಲವರಿಗೆ ಇದು ಊಹೆಯ ಪ್ರಶ್ನೆಯಲ್ಲ.

ಎಲ್ಲಕ್ಕಿಂತ ತೊಡಕಿನದು ಇನ್ನೊಂದಿದೆ. 1956ರ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯಿದೆಯ 6ನೇ ಕಲಮಿನಲ್ಲಿ, ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಪೋಷಕಿ ತಾಯಿ, ಅವಳ ನಂತರ ತಂದೆ ಎಂದಿದೆ. ಇಷ್ಟು ಕಾಲ ತಂದೆ ಯಾರೆಂದೇ ಕಾಗದದಲ್ಲಿ ಇರಲಿಲ್ಲವಾಗಿ ಆ ‘ನಂತರ’ ಯಾರಿಗೂ ತಟ್ಟಿರಲಿಲ್ಲ. ಈಗ ಡಿಎನ್‌ಎ ಪರೀಕ್ಷೆಯಿಂದ ತಂದೆ ಗೊತ್ತಾದ, ಆಸ್ತಿಗಾಗಿ ಮಗುವೇ ಅವನನ್ನು ಹೆಸರಿಸಿತು ಅನ್ನಿ. ಮರುವರ್ಷ ತಾಯಿ ತೀರಿಕೊಂಡಳು. ಮಗುವಿಗೆ ಹತ್ತು ವರ್ಷ, ಹೆಸರಿಗೆ ಎರಡು ಎಕರೆ. ಹುಟ್ಟಿದಂದಿನಿಂದ ಎತ್ತಿ ಆಡಿಸಿದ್ದು ಅಜ್ಜಿ, ಫೀಸು ಕಟ್ಟಿದ್ದು ಸೋದರಮಾವ. ಒಂದು ದಿನವೂ ಬಂದು ನೋಡದ ಆ ಮನುಷ್ಯ ಮಗುವನ್ನೂ ಎರಡು ಎಕರೆಯನ್ನೂ ಕೇಳಿಕೊಂಡು ದಾವಣಗೆರೆ ಕೋರ್ಟಿಗೆ ಅರ್ಜಿ ಹಾಕಿದರೆ, ನ್ಯಾಯಾಧೀಶರು ಮಗುವಿನ ಹಿತ ನೋಡಿ ಅಜ್ಜಿಯ ಕಡೆ ವಾಲಬಹುದು. ಅದು ಅವರ ವಿವೇಚನೆ. 6ನೇ ಕಲಮಿನಲ್ಲಿ ಅಜ್ಜಿ ಎಂಬ ಪದವೇ ಇಲ್ಲ.